ಮೂರನೆಯ ಗೀಟು

ಡಿಸೆಂಬರ್ ಒಂಬತ್ತರ ಮಂಗಳವಾರ ಬೆಳಿಗ್ಗೆ ಎಂಟೂಕಾಲಕ್ಕೆ ಠಾಣೆಯ ಅಂಗಳಕ್ಕೆ ಜೀಪೊಂದು ನುಗ್ಗಿತು. ಇಳಿದವರು ಜಯಪ್ರಕಾಶ್ ಗೌಡರು, ಬಾಳೂರಿನ ಬಳಿ ನೂರಿಪ್ಪತ್ತು ಎಕರೆ ಕಾಫಿ ತೋಟದ ಯಜಮಾನರು. ಅವರು ಠಾಣೆಗೆ ಬರುವವರಲ್ಲ, ಠಾಣೆಯನ್ನೇ ತೋಟಕ್ಕೆ ಕರೆಸಿಕೊಳ್ಳುವವರು. ಅಂಥವರು ಅವತ್ತು ಬರಿಗಾಲಲ್ಲಿ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಬಂದದ್ದನ್ನು ಕಂಡು ಸೆಂಟ್ರಿ ಸಲಾಮು ಹೊಡೆಯುವುದನ್ನೇ ಮರೆತ.

ಸಬ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಕುರ್ಚಿ ತೋರಿಸಿದರು. ಗೌಡರು ಕೂರಲಿಲ್ಲ.

"ನನ್ ಮೇಲೆ ಗುಂಡು ಹಾರ್ಸಿದಾರೆ. ಜಾವಳಿ ದಯಾನಂದ. ಬರ್ಕೊಳ್ಳಿ."

"ಎಲ್ಲಿ?"

"ನನ್ ಕಣದಲ್ಲೇ. ಏಳು ಗಂಟೆಗೆ."

"ಅವರು ಹೊಡೆದಿದ್ದನ್ನ ನೀವು ನೋಡಿದ್ರಾ?"

"ನೋಡದೆಂತ ಮಾರಾಯ್ರೆ? ಈ ಸೀಮೇಲಿ ನನ್ನನ್ನ ಕೊಲ್ಬೇಕು ಅಂತ ಇನ್ಯಾರಿಗಿದೆ?"

ಈ ಪ್ರಶ್ನೆಗೆ ಉತ್ತರ ಓಂಕಾರಮೂರ್ತಿಯ ನಾಲಿಗೆಯ ತುದಿಗೇ ಬಂದಿತ್ತು. ಚಳ್ಳಕೆರೆ ಕಡೆಯ ಅವರು ಈ ಘಟ್ಟಕ್ಕೆ ವರ್ಗವಾಗಿ ಬಂದು ಒಂದೂವರೆ ವರ್ಷವಾಗಿತ್ತು. ಅಷ್ಟರಲ್ಲಿ ಗೌಡರ ಬಗ್ಗೆ ಒಳ್ಳೆಯ ಮಾತಾಡಿದ ಒಬ್ಬ ಕೂಲಿಯಾಳನ್ನೂ ಅವರು ಕಂಡಿರಲಿಲ್ಲ. ಆದರೆ ದೂರು ದೂರೇ. ಕೊಲೆ ಯತ್ನ ಮತ್ತು ಆಯುಧ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್ಸ್‌ಟೇಬಲ್ ಗಿರಿಜಾಂಬಾ ಮತ್ತು ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೊರಟರು.

ಕಾಫಿ ಒಣಗಿಸುವ ಕಣದ ತುದಿಗೆ ತಗಡಿನ ಗೋಡೆಯ ಗೋದಾಮು. ಆ ಗೋಡೆಗೆ ಬೆನ್ನು ಕೊಟ್ಟು, ಲೋಟ ಹಿಡಿದು ನಿಂತು, ಆಳುಗಳು ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಹರವುವುದನ್ನು ನೋಡುವುದು ಮತ್ತು ಅವರನ್ನು ಬೈಯುವುದು ಗೌಡರ ಪ್ರತಿದಿನದ ಮೊದಲ ಕೆಲಸ. ನಿಲ್ಲುವ ಜಾಗವೂ ಒಂದೇ, ಹೊತ್ತೂ ಒಂದೇ. ಇದು ಇಡೀ ಊರಿಗೆ ಗೊತ್ತು. ತಗಡಿನಲ್ಲಿ ಕಿರುಬೆರಳು ತೂರುವಷ್ಟು ತೂತು ಬಿದ್ದಿತ್ತು, ಗುಂಡು ಒಳಗಿನ ಮರದ ತೊಲೆಗೆ ನಾಟಿಕೊಂಡಿತ್ತು.

ಗಿರಿಜಾಂಬಾ ತೊಲೆಯಿಂದ ತಗಡಿನ ತೂತಿನ ಮೂಲಕ ದಾರ ಎಳೆದು ಬಿಗಿ ಹಿಡಿದರು. ದಾರ ಹಳ್ಳದ ಆಚೆಯ ಹುಲ್ಲುಗುಡ್ಡದ ನೆತ್ತಿಯಲ್ಲಿದ್ದ ಬಂಡೆಯ ಕಡೆ ತೋರಿಸಿತು. ಮೊಬೈಲಿನ ನಕ್ಷೆಯಲ್ಲಿ ಅಳೆದರೆ ಹತ್ತಿರ ಹತ್ತಿರ ನಾನೂರು ಮೀಟರ್. ಗೌಡರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಟೇಪು ಹಿಡಿದರು. ತೂತು ಅವರ ಎದೆಯ ನಡುವಿನಿಂದ ನೆಟ್ಟಗೆ ಮೇಲಕ್ಕೆ, ಮೂರಡಿ ಎತ್ತರದಲ್ಲಿತ್ತು.

"ಮೂರಡಿ ಮೇಲಾ ಸಾರ್?" ಎಂದು ಯಾರೋ ಹಿಂದಿನಿಂದ ಕೇಳಿದರು. ಅರವತ್ತು ದಾಟಿದ, ಒಣಕಲು ಮೈಯ ಒಬ್ಬರು, ತಲೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು.

"ಇವ್ರು ಸುಬ್ಬಣ್ಣ," ಎಂದರು ಗೌಡರು. "ಪಕ್ಕದ ಎರಡೆಕರೆ ಇವರದ್ದು. ನಂಗೆ ಮನೆಯವ್ರಿದ್ದ ಹಾಗೆ."

ಸುಬ್ಬಣ್ಣ ತೂತನ್ನೇ ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ, "ದೇವ್ರು ದೊಡ್ಡವ್ನು," ಎಂದು ಹೇಳಿ ಹೊರಟುಹೋದರು.

ಗುಡ್ಡದ ಬಂಡೆಯ ಮೇಲೆ ಯಾರೋ ಬೋರಲು ಮಲಗಿ ಹುಲ್ಲು ಜಜ್ಜಿದ ಗುರುತಿತ್ತು. ಖಾಲಿ ಕಾರ್ಟ್ರಿಜ್ ಇರಲಿಲ್ಲ. ಹೊಡೆದವನು ಎತ್ತಿಕೊಂಡು ಹೋಗಿದ್ದ. ಗುಡ್ಡದ ಇನ್ನೊಂದು ಮಗ್ಗುಲು ದಯಾನಂದರ ತೋಟ. ಜೀಪಿನ ದಾರಿಯೊಂದರ ವಿಷಯಕ್ಕೆ ಇಬ್ಬರಿಗೂ ವರ್ಷದಿಂದ ಹಾವು ಮುಂಗುಸಿ ಸಂಬಂಧ. ಮೂಡಿಗೆರೆಯ ಮದುವೆ ಮನೆಯೊಂದರಲ್ಲಿ ಊಟದ ಪಂಕ್ತಿಯಲ್ಲೇ ದಯಾನಂದ, "ನಿನ್ನ ಎದೆಗೇ ಇಡ್ತೀನಿ, ನೋಡ್ತಿರು," ಎಂದು ಕೂಗಾಡಿದ್ದನ್ನು ಎರಡು ಸಾಲು ಜನ ಕೇಳಿದ್ದರು.

ಜಾವಳಿಯ ಮನೆಯಲ್ಲಿ ದಯಾನಂದ ಇನ್ನೂ ನಿದ್ದೆಗಣ್ಣಿನಲ್ಲಿದ್ದರು.

"ಬೆಳಿಗ್ಗೆ ಏಳಕ್ಕೆ ಎಲ್ಲಿದ್ರಿ?"

"ಮಲಗಿದ್ದೆ."

"ಯಾರಾದ್ರೂ ನೋಡಿದ್ದಾರಾ?"

"ಹೆಂಡ್ತಿ ತವರಿಗೆ ಹೋಗಿದಾಳೆ."

"ನಿಮ್ ರೈಫಲ್ಲು?"

"ಬೀರುವಲ್ಲಿದೆ."

"ತೆಗೀರಿ."

ಬೀರು ತೆಗೆಯಲು ದಯಾನಂದರ ಕೈ ಏಳಲಿಲ್ಲ. ಬೀಗ ಒಡೆಯಬೇಕಾದೀತು ಎಂದಾಗ ಬಾಯಿಬಿಟ್ಟರು. ಕೋವಿ ಗುಡ್ಡದ ಬುಡದ ಪಂಪ್‌ಹೌಸಿನಲ್ಲಿತ್ತು. ಭಾನುವಾರ ಶಿಕಾರಿಗೆ ಹೋಗಿದ್ದರಂತೆ. ಶಿಕಾರಿ ಕಾನೂನಿಗೆ ವಿರುದ್ಧ ಎಂಬುದು ಈ ಕಡೆ ಎಲ್ಲರಿಗೂ ಗೊತ್ತು, ಹಾಗೆಂದು ಯಾರೂ ಬಿಟ್ಟಿಲ್ಲ. ಬೇಟೆಯಾಡಿ ಬಂದ ಕೋವಿಯನ್ನು ಮಾತ್ರ ನಾಲ್ಕೈದು ದಿನ ಮನೆಯೊಳಕ್ಕೆ ತರುವುದಿಲ್ಲ. ಫಾರೆಸ್ಟಿನವರು ಮನೆ ಜಾಲಾಡಿದರೆ ಸಿಗಬಾರದಲ್ಲ! ಪಂಪ್‌ಹೌಸಿನ ಬೀಗದ ಕೈ ಹೆಂಚಿನ ಸಂದಿಯಲ್ಲಿರುತ್ತದೆ ಎಂಬುದು ಜೊತೆಗೆ ಬೇಟೆಗೆ ಹೋಗುವ ಎಲ್ಲರಿಗೂ ಗೊತ್ತು ಎಂದು ದಯಾನಂದ ಆಮೇಲೆ ಎಷ್ಟು ಬಡಕೊಂಡರೂ ಕೇಳುವವರಿರಲಿಲ್ಲ. ಮೊದಲು ಆಡಿದ ಸುಳ್ಳು ಅವರ ಕುತ್ತಿಗೆಗೆ ಬಿದ್ದಾಗಿತ್ತು.

ಪಂಪ್‌ಹೌಸಿನಲ್ಲಿ ಗೋಣಿ ಸುತ್ತಿ ಇಟ್ಟಿದ್ದ ರೈಫಲಿನ ನಳಿಗೆಯಲ್ಲಿ ಇನ್ನೂ ಮದ್ದಿನ ವಾಸನೆ ಇತ್ತು. ಮೇಲೆ ಸ್ಕೋಪು, ಅಂದರೆ ದೂರದ ಗುರಿ ಹತ್ತಿರ ಕಾಣಿಸುವ ಸಣ್ಣ ದುರ್ಬೀನು. ಗುರಿ ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕೆಂದು ತಿರುಗಿಸುವ ಅದರ ರಿಂಗು ಆರು ಎಂಬ ಅಂಕಿಯ ಮೇಲೆ ನಿಂತಿತ್ತು. ಪಂಚನಾಮೆ ಮಾಡಿ, ಸೀಲು ಹಾಕಿ, ದಯಾನಂದರನ್ನು ಬಂಧಿಸಿ ಮೂಡಿಗೆರೆಯ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಜಾಮೀನು ಸಿಗಲಿಲ್ಲ. ಜನವರಿಯಲ್ಲಿ ಪ್ರಯೋಗಾಲಯದ ವರದಿಯೂ ಬಂತು. ತೊಲೆಯಲ್ಲಿ ಸಿಕ್ಕಿದ ಗುಂಡು ಅದೇ ರೈಫಲಿನದು.

"ಇನ್ನೇನ್ರೀ, ಚಾರ್ಜ್‌ಶೀಟ್ ಹಾಕಿ ಕೈ ತೊಳ್ಕೊಳ್ಳಿ," ಎಂದರು ಸರ್ಕಲ್ ಇನ್ಸ್‌ಪೆಕ್ಟರ್ ಫೋನಿನಲ್ಲಿ.

ಓಂಕಾರಮೂರ್ತಿಗೆ ಆಗಲಿಲ್ಲ. ದಯಾನಂದ ಅವರಿಗೆ ನೆಂಟರೂ ಅಲ್ಲ, ಇಷ್ಟರೂ ಅಲ್ಲ. ನಿಜ ಹೇಳಬೇಕೆಂದರೆ ಆ ಮನುಷ್ಯನ ಮುಖ ಕಂಡರೇ ಆಗುತ್ತಿರಲಿಲ್ಲ. ಆದರೆ ಆ ತೂತು ತಲೆಯೊಳಗೆ ಹುಳ ಬಿಟ್ಟಿತ್ತು. ಕೈ ನಡುಗುವವನ ಗುಂಡು ಎಡಕ್ಕೋ ಬಲಕ್ಕೋ ಹೋಗುತ್ತದೆ. ಇದು ನಾನೂರು ಮೀಟರ್ ದೂರದಿಂದ ಬಂದು ಎದೆಯ ನೇರದಲ್ಲಿ ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ. ಅಷ್ಟು ಗಟ್ಟಿ ಕೈ ಮೂರಡಿ ಮೇಲೆ ಹೇಗೆ ತಪ್ಪುತ್ತದೆ? ತಪ್ಪಾದ ಮನುಷ್ಯನನ್ನು ಹತ್ತು ವರ್ಷ ಕಂಬಿ ಎಣಿಸಲು ಕಳಿಸಿ, ತಾನು ಮಾತ್ರ ನೆಮ್ಮದಿಯಾಗಿ ಇನ್ನೊಂದು ಊರಿಗೆ ವರ್ಗವಾಗಿ ಹೋಗುವುದು ಅವರಿಂದಾಗದ ಕೆಲಸ.

ಅನುಮತಿ ಪಡೆದು ಚಿಕ್ಕಮಗಳೂರಿನ ಜೈಲಿಗೆ ಹೋದರು. ದಯಾನಂದ ಅರ್ಧ ಇಳಿದುಹೋಗಿದ್ದರು.

"ನಿಮ್ ಸ್ಕೋಪಲ್ಲಿ ಗುರಿ ಹಿಡಿಯೋ ಗೀಟು ಎಷ್ಟಿವೆ?"

"ದೊಡ್ಡ ಅಡ್ಡಗೀಟು ಒಂದು. ಅದರ ಕೆಳಗೆ ನಾಲ್ಕು ಸಣ್ಣವು."

"ನಾನೂರು ಮೀಟ್ರಿಗೆ ಯಾವ್ದು?"

"ಮೂರನೇದು."

"ರಿಂಗು ಎಷ್ಟರಲ್ಲಿ?"

"ಹನ್ನೆರಡು. ಪೂರ್ತಿ ತಿರುಗ್ಸಿ."

"ನಮಗೆ ಸಿಕ್ಕಾಗ ಆರರಲ್ಲಿತ್ತು."

ದಯಾನಂದ ಕಂಬಿ ಹಿಡಿದುಕೊಂಡು ಮುಂದೆ ಬಾಗಿದರು. "ಆರಲ್ಲಾ? ಆರಲ್ಲಿಟ್ರೆ ಆ ಗೀಟುಗಳು ಬರೀ ಸುಳ್ಳು ಸಾರ್! ನಾನ್ಯಾಕೆ ಆರಲ್ಲಿಟ್ಟು ಹೊಡೀಲಿ?"

ಒಮ್ಮೆ ಸುಳ್ಳು ಹೇಳಿದವರ ಮಾತನ್ನು ಹಾಗೇ ನುಂಗುವಂತಿರಲಿಲ್ಲ. ಮರುವಾರ ನ್ಯಾಯಾಲಯದ ಅಪ್ಪಣೆಯೊಂದಿಗೆ ರೈಫಲನ್ನು ಗುಡ್ಡದ ಬಂಡೆಗೆ ತಂದರು. ಜಿಲ್ಲಾ ಸಶಸ್ತ್ರ ಪಡೆಯಿಂದ ಆಯುಧಗಳ ಉಸ್ತುವಾರಿಯ ಸುರೇಂದ್ರ ಬಂದಿದ್ದರು. ಹೋಲಿಸಿ ನೋಡಲೆಂದು ಜಯಪ್ರಕಾಶ್ ಗೌಡರ ರೈಫಲನ್ನೂ ಕೇಳಿದಾಗ ಗೌಡರು ಖುಷಿಯಿಂದಲೇ ಕೊಟ್ಟರು. "ಜರ್ಮನಿ ಸ್ಕೋಪು. ನೋಡಿ, ಕಲೀರಿ," ಎಂದು ಉಪದೇಶವನ್ನೂ ಜೊತೆಗೆ ಕೊಟ್ಟರು. ಕೆಳಗೆ ಕಣದಲ್ಲಿ ಗಿರಿಜಾಂಬಾ ಅಡಿಗೊಂದರಂತೆ ಕೆಂಪು ಬಿಳಿ ಪಟ್ಟಿ ಬಳಿದ ಉದ್ದನೆಯ ಬಿದಿರು ಹಿಡಿದು ನಿಂತರು.

ಓಂಕಾರಮೂರ್ತಿ ಮೊದಲು ಗೌಡರ ಸ್ಕೋಪಿಗೆ ಕಣ್ಣಿಟ್ಟರು. ರಿಂಗನ್ನು ಆರರಿಂದ ಹನ್ನೆರಡಕ್ಕೆ ತಿರುಗಿಸಿದರೆ ಗಿರಿಜಾಂಬಾ ದೊಡ್ಡವರಾದರು, ಬಿದಿರು ದೊಡ್ಡದಾಯಿತು, ಅದರೊಂದಿಗೆ ಗೀಟುಗಳೂ ದೊಡ್ಡವಾದವು. ನಡುವಿನ ಅಡ್ಡಗೀಟಿಗೂ ಮೂರನೆಯ ಸಣ್ಣ ಗೀಟಿಗೂ ನಡುವೆ ಬಿದಿರಿನ ಮೂರು ಪಟ್ಟಿ. ಆರರಲ್ಲೂ ಮೂರು, ಹನ್ನೆರಡರಲ್ಲೂ ಮೂರು.

ಆಮೇಲೆ ದಯಾನಂದರದು. ಇಲ್ಲಿ ರಿಂಗು ತಿರುಗಿಸಿದರೆ ಬಿದಿರು ಮಾತ್ರ ದೊಡ್ಡದಾಯಿತು. ಗೀಟುಗಳು ಇದ್ದ ಹಾಗೇ ಇದ್ದವು. ಹನ್ನೆರಡರಲ್ಲಿ ಮೂರನೆಯ ಗೀಟಿನವರೆಗೆ ಮೂರು ಪಟ್ಟಿ, ಆರಕ್ಕೆ ಇಳಿಸಿದರೆ ಅದೇ ಜಾಗದಲ್ಲಿ ಆರು.

"ಅಂದ್ರೆ?" ಎಂದು ಓಂಕಾರಮೂರ್ತಿ ಸುರೇಂದ್ರರ ಕಡೆ ತಿರುಗಿದರು.

"ಗುಂಡು ಇಷ್ಟು ದೂರ ಹೋಗೋದ್ರೊಳಗೆ ಮೂರಡಿ ಕೆಳಗೆ ಬೀಳುತ್ತೆ ಸಾರ್. ಅದಕ್ಕೇ ಮೂರನೇ ಗೀಟನ್ನ ಎದೆ ಮೇಲಿಡೋದು. ಆಗ ಕೋವಿ ಎದೆಗಿಂತ ಮೂರಡಿ ಮೇಲೆ ನೋಡ್ತಿರುತ್ತೆ, ಗುಂಡು ಬಿದ್ದು ಎದೆಗೇ ಬರುತ್ತೆ. ಇದನ್ನ ಆರಲ್ಲಿಟ್ರೆ ಕೋವಿ ಆರಡಿ ಮೇಲೆ ನೋಡುತ್ತೆ. ಗುಂಡು ಬೀಳೋದು ಮಾತ್ರ ಮೂರೇ ಅಡಿ."

"ಉಳಿದ ಮೂರಡಿ ತಗಡಿನ ತೂತು."

"ಹೌದು ಸಾರ್. ಹೊಡೆದವ್ನ ಕೈ ತಪ್ಪಿಲ್ಲ. ಅವ್ನಿಗೆ ಈ ಸ್ಕೋಪು ಗೊತ್ತಿಲ್ಲ, ಅಷ್ಟೇ."

ಓಂಕಾರಮೂರ್ತಿ ಎರಡು ರೈಫಲುಗಳನ್ನೂ ಮತ್ತೊಮ್ಮೆ ನೋಡಿದರು. ತಮ್ಮದೇ ಸ್ಕೋಪು ಗೊತ್ತಿಲ್ಲದಿರಲು ದಯಾನಂದರೇನು ಮಗುವಲ್ಲ. ರಿಂಗು ಎಲ್ಲಿದ್ದರೂ ಗೀಟು ನಂಬಬಹುದು ಎಂದು ರೂಢಿಯಾದವನು ಹೊಡೆದಿದ್ದಾನೆ. ಅಂಥ ರೂಢಿ ಆಗುವುದು ಗೌಡರ ಸ್ಕೋಪಿನಲ್ಲಿ ಮಾತ್ರ. ಗೌಡರೋ ಆ ಹೊತ್ತಿಗೆ ಗುಂಡಿನ ಎದುರಿಗಿದ್ದರು.

"ನಿಮ್ ಕೋವಿ ರಿಂಗು ಯಾವಾಗ್ಲೂ ಎಷ್ಟರಲ್ಲಿರುತ್ತೆ ಗೌಡ್ರೆ?" ಎಂದು ರೈಫಲ್ ಹಿಂದಿರುಗಿಸುವಾಗ ಕೇಳಿದರು.

"ಅದೆಲ್ಲ ನಂಗೆಂತ ಗೊತ್ತು ಮಾರಾಯ್ರೆ. ಸೆಟ್ ಮಾಡದು, ಒರೆಸದು, ಹೊರದು ಎಲ್ಲಾ ಸುಬ್ಬಣ್ಣ. ನಾನು ಹೊಡೆಯದು ಅಷ್ಟೇ. ಆರಲ್ಲಿರ್ಬೇಕು. ಮಂಜಲ್ಲಿ ಜಾಸ್ತಿ ತಿರುಗ್ಸಿದ್ರೆ ಎಂತದೂ ಕಾಣಲ್ಲ ಅಂತಿರ್ತಾರೆ."

ಠಾಣೆಗೆ ಹಿಂದಿರುಗುವಾಗ ಜೀಪಿನಲ್ಲಿ ಗಿರಿಜಾಂಬಾ ಮಾತು ತೆಗೆದರು. ಅವರು ಇದೇ ಕಡೆಯವರು. "ಸುಬ್ಬಣ್ಣಂಗೆ ಒಬ್ನೇ ಮಗ ಇದ್ದ ಸಾರ್, ತನ್ಮಯ್ ಅಂತ. ನೀವು ಬರೋಕೆ ಮುಂಚೆ, ಎರಡು ಸಾವಿರದ ಇಪ್ಪತ್ನಾಲ್ಕರ ಫೆಬ್ರವರೀಲಿ ತೀರ್ಕೊಂಡ. ದೇವರಮನೆ ಗುಡ್ಡದಲ್ಲಿ ಬಂಡೆಯಿಂದ ಬಿದ್ದ ಅಂದ್ರು. ಠಾಣೆಗೆ ಯಾರೂ ಬರ್ಲಿಲ್ಲ. ಅವತ್ತೇ ಸುಟ್ಟು ಬಿಟ್ರು."

"ಗುಡ್ಡಕ್ಕೆ ಯಾಕೆ ಹೋಗಿದ್ದ?"

"ಶಿಕಾರಿಗೆ. ಗೌಡ್ರು, ದಯಾನಂದ, ಸುಬ್ಬಣ್ಣ ಎಲ್ಲರ ಜೊತೆ."

ಮರುದಿನ ಬೆಳಿಗ್ಗೆ ಸುಬ್ಬಣ್ಣನವರನ್ನು ಬಂಡೆಗೆ ಕರೆಸಿದರು. ಸುರೇಂದ್ರ ಗುಂಡು ಹಾರದಂತೆ ದಯಾನಂದರ ರೈಫಲಿನ ಬೋಲ್ಟ್ ಕಳಚಿ, ರಿಂಗನ್ನು ಆರಕ್ಕಿಟ್ಟು ಮರಳಿನ ಚೀಲದ ಮೇಲೆ ಇರಿಸಿದ್ದರು.

"ನಮಗೊಂದು ತಿಳೀಬೇಕು ಸುಬ್ಬಣ್ಣನವ್ರೆ. ಅಲ್ಲಿ ಗಿರಿಜಮ್ಮ ಹಿಡಿದಿರೋ ಬಿದಿರಿನ ಬುಡದಿಂದ ನಾಲ್ಕನೇ ಪಟ್ಟಿಗೆ ಹೊಡೀಬೇಕು. ಯಾವ ಗೀಟು ಇಡ್ತೀರಿ?"

ಸುಬ್ಬಣ್ಣ ಮಫ್ಲರ್ ಬಿಚ್ಚಿಟ್ಟು ಬೋರಲು ಮಲಗಿದರು. ಆ ವಯಸ್ಸಿಗೆ ಅದೆಷ್ಟು ಹಗುರವಾಗಿ ಮಲಗಿದರೆಂದರೆ ಸುರೇಂದ್ರ ಹುಬ್ಬೇರಿಸಿದರು.

"ಮೂರನೇದು."

"ರಿಂಗು ಹೀಗೇ ಇರ್ಲಾ?"

"ರಿಂಗೆಂತಕ್ಕೆ ಸಾರ್? ದೊಡ್ಡದಾಗಿ ಕಾಣಕ್ಕೆ ತಾನೇ ಅದು? ಗೀಟು ಎಲ್ಲಿದ್ರೂ ಗೀಟೇ."

ಓಂಕಾರಮೂರ್ತಿ ಬಗ್ಗಿ ರಿಂಗನ್ನು ಹನ್ನೆರಡಕ್ಕೆ ತಿರುಗಿಸಿದರು. "ಈಗ ಅಡ್ಡಗೀಟಿಂದ ಮೂರನೇ ಗೀಟಿನವರೆಗೆ ಎಷ್ಟು ಪಟ್ಟಿ? ಎಣಿಸಿ."

ಸುಬ್ಬಣ್ಣ ಎಣಿಸಿದರು. ಆಮೇಲೆ ತಾವೇ ರಿಂಗನ್ನು ಆರಕ್ಕೆ ತಿರುಗಿಸಿ ಎಣಿಸಿದರು. ಮತ್ತೆ ಹನ್ನೆರಡಕ್ಕೆ ತಂದರು. ಕಣ್ಣು ತೆಗೆಯಲೇ ಇಲ್ಲ. ಅವರ ಬೆನ್ನು ಏರಿ ಇಳಿಯತೊಡಗಿತು. ಒಮ್ಮೆಲೇ ಎದ್ದು ಕೂತು ಅಂಗೈಯಿಂದ ಬಂಡೆಗೆ ಪಟಾರನೆ ಬಡಿದರು.

"ಇಷ್ಟೇನ? ಬರೀ ಈ ರಿಂಗಾ?"

ಸುರೇಂದ್ರ ರೈಫಲನ್ನು ಅವರ ಕೈಯಿಂದ ದೂರ ಸರಿಸಿದರು.

"ಅವತ್ತಿಂದ ನಿದ್ದೆ ಇಲ್ಲ ನಂಗೆ. ಉಸಿರು ಹಿಡ್ದಿದ್ದೆ, ಗಾಳಿ ಇರ್ಲಿಲ್ಲ, ಎದೆ ಮೇಲೇ ಇಟ್ಟಿದ್ದೆ. ಎಂತಕ್ಕೆ ತಪ್ತು ಅಂತ ದಿನಾ ಗೋಡೆ ನೋಡ್ತಾ ಮಲಗ್ತಿದ್ದೆ. ಥೂ, ನನ್ ಕೈ ತಪ್ಪಿರ್ಲಿಲ್ಲ!" ಎಂದು ಸುಬ್ಬಣ್ಣ ಗದ್ಗದರಾದರು. ಅದು ಸಿಕ್ಕಿಬಿದ್ದವನ ಅಳುವಲ್ಲ. ಕೈಗೆ ಬಂದ ಶತ್ರು ಜಾರಿಹೋದ ಹೊಟ್ಟೆಯುರಿ. ಓಂಕಾರಮೂರ್ತಿ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಖಾಲಿ ಕಾರ್ಟ್ರಿಜ್ ಎಲ್ಲಿದೆ?"

"ಮನೇಲಿ. ಮಗನ ಕ್ರಿಕೆಟ್ ಬೂಟಿನೊಳಗೆ."

ಪೊಲೀಸರೆದುರು ಒಪ್ಪಿಕೊಂಡ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ತೋರಿಸಿಕೊಟ್ಟ ವಸ್ತು ನಿಲ್ಲುತ್ತದೆ. ಪಂಚರನ್ನು ಕರೆದುಕೊಂಡು ಮನೆಗೆ ಹೋದರು. ಸುಬ್ಬಣ್ಣನವರ ಹೆಂಡತಿ ಪಾಪಮ್ಮ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ಕಪಾಟಿನಿಂದ ಬೂಟು ತೆಗೆದು ಕೊಡವಿದಾಗ ಹಿತ್ತಾಳೆಯ ಕಾರ್ಟ್ರಿಜ್ ನೆಲಕ್ಕೆ ಬಿತ್ತು. ಅದು ದಯಾನಂದರ ರೈಫಲಿನಿಂದಲೇ ಹಾರಿದ್ದೆಂದು ಮುಂದೆ ಪ್ರಯೋಗಾಲಯವೂ ಹೇಳಿತು. ಅಲ್ಲೇ ಜಗಲಿಯ ಮೇಲೆ ಸುಬ್ಬಣ್ಣ ಎಲ್ಲವನ್ನೂ ಹೇಳಿದರು. ಕೇಳುತ್ತಿದ್ದವರಲ್ಲಿ ಪಾಪಮ್ಮನೂ ಇದ್ದಾರೆಂಬುದನ್ನು ಅವರು ಮರೆತಿದ್ದರೋ, ಅಥವಾ ಇನ್ನು ಮುಚ್ಚಿಡುವ ಶಕ್ತಿ ಉಳಿದಿರಲಿಲ್ಲವೋ.

"ಹಳು ನುಗ್ಗೋರ ಕಡೆಗೆ ಕೋವಿ ತಿರುಗಿಸ್ಬಾರ್ದು ಸಾರ್. ಪೊದೆ ಬಡಿದು ಹಂದಿ ಎಬ್ಸೋರು ಅವ್ರು. ನಮ್ಮಜ್ಜನ ಕಾಲದಿಂದ ಇರೋ ಕಟ್ಟು ಅದು. ತನ್ಮಯ್ ಅವರ ಜೊತೆ ಇದ್ದ. ಗೌಡ್ರಿಗೆ ಸ್ಕೋಪು ಹೊಸ್ತು. ಎದುರು ಗುಡ್ಡದಿಂದ್ಲೇ ಹೊಡೀತೀನಿ ಅಂತ ಕೂತ್ರು. ಪೊದೆ ಅಲ್ಲಾಡ್ತು, ಹಂದಿ ಅಂತ ಹೊಡೆದ್ರು. ಆ ಸ್ಕೋಪು ಸೆಟ್ ಮಾಡಿ ಕೊಟ್ಟಿದ್ದು ನಾನೇ. ಅದು ಒಂದಂಗುಲ ತಪ್ಲಿಲ್ಲ."

"ಠಾಣೆಗೆ ಯಾಕೆ ಬರ್ಲಿಲ್ಲ?"

"ದಯಾನಂದ ಬಿಡ್ಲಿಲ್ಲ. ಶಿಕಾರಿಗೆ ನೀನೂ ಬಂದಿದ್ದೆ, ನೀನೂ ಒಳಗೆ ಹೋಗ್ತೀಯ, ಬಂಡೆಯಿಂದ ಬಿದ್ದ ಅನ್ನು ಅಂದ. ಆಗಿನ್ನೂ ಅವ್ರಿಬ್ರೂ ಒಂದೇ. ಅದಕ್ಕೆ ಮುಂಚೆ ಬಿದ್ದಿದ್ದ ಹಂದೀನ ಅವತ್ತೇ ಅಲ್ಲೇ ಪಾಲು ಹಾಕಿದ್ರು. ಹಳು ನುಗ್ಗಿದ ಪ್ರತಿಯೊಬ್ರಿಗೂ ಒಂದು ಪಾಲು. ಹೆಣ ಇನ್ನೂ ಗುಡ್ಡದಲ್ಲಿತ್ತು ಸಾರ್. ದಯಾನಂದನ ಜೀಪಲ್ಲಿ ತನ್ಮಯ್ ಪಾಲು ಮೊದ್ಲು ಮನೆಗೆ ಬಂತು. ಇವ್ಳು ಮಗ ಹಸ್ಕೊಂಡು ಬರ್ತಾನೆ ಅಂತ ಒಲೆ ಮೇಲೆ ಇಟ್ಲು."

ಮೊರ ಕೆಳಗೆ ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು. ಪಾಪಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಆಮೇಲೂ ದಯಾನಂದರ ಜೊತೆ ಶಿಕಾರಿಗೆ ಹೋಗ್ತಿದ್ರಲ್ಲ?"

"ಹೋಗದೆ? ದೂರ ಹೋಗಿದ್ರೆ ಪಂಪ್‌ಹೌಸಿನ ಬೀಗದ ಕೈ ಎಲ್ಲಿರುತ್ತೆ ಅಂತ ಹೆಂಗೆ ಗೊತ್ತಾಗದು?" ಸುಬ್ಬಣ್ಣ ಕಣ್ಣೊರೆಸಿಕೊಂಡರು. "ಆ ಗೌಡ ಸಾಯ್ಬೇಕು, ಈ ದಯಾನಂದ ಆ ತಪ್ಪಿಗೆ ಜೈಲಲ್ಲಿ ಕೊಳೀಬೇಕು. ಇಬ್ರನ್ನೂ ಒಂದೇ ಗುಂಡಲ್ಲಿ ಮುಗಿಸ್ಬೇಕು ಅಂತಿದ್ದೆ."

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಗೌಡರು ಫೋನು ಮಾಡಿ, ಮನೆಯವನಂತೆ ನೋಡಿಕೊಂಡವನು ಹೀಗೆ ಮಾಡಬಹುದೇ ಎಂದು ಬಹಳ ನೊಂದುಕೊಂಡರು. ಪೊಲೀಸರಿಗೆ ಒಂದು ಊಟ ಹಾಕಿಸುತ್ತೇನೆ ಎಂದೂ ಹೇಳಿದರು. ಓಂಕಾರಮೂರ್ತಿ ಹಲ್ಲು ಕಚ್ಚಿ ಫೋನಿಟ್ಟರು. ಮಗನ ಸಾವಿನ ಬಗ್ಗೆ ದೂರು ಕೊಡಿ ಎಂದು ಸುಬ್ಬಣ್ಣನವರನ್ನು ಎರಡು ಸಲ ಕೇಳಿ ಆಗಿತ್ತು. ಅವರು ಒಲ್ಲೆನೆಂದು ತಲೆಯಾಡಿಸಿದ್ದರು. ಕಾನೂನಿನ ಕೈಗೆ ಆ ಇಬ್ಬರನ್ನು ಕೊಡಲು ಅವರಿಗೆ ಇಷ್ಟವಿರಲಿಲ್ಲ. ಇಬ್ಬರೂ ತಮ್ಮ ಕೈಯಲ್ಲೇ ಮುಗಿಯಬೇಕಿತ್ತು.

ಮೂರನೆಯ ದಿನ ಮೊದಲ ಬಸ್ಸಿಗೆ ಪಾಪಮ್ಮ ಒಬ್ಬರೇ ಠಾಣೆಗೆ ಬಂದರು. ಗಿರಿಜಾಂಬಾ ಕೈಹಿಡಿದು ಕೂರಿಸಿದರು.

"ನನ್ ಮಗನ್ನ ಕೊಂದಿದ್ದಕ್ಕೆ ದೂರು ಬರ್ಕೊಬೇಕು."

"ಬರ್ಕೊಳ್ತೀವಿ ಅಮ್ಮ. ಯಾರ್ಯಾರ ಮೇಲೆ?" ಎಂದು ಕೇಳಿದರು ಓಂಕಾರಮೂರ್ತಿ.

"ಮೊದ್ಲು ಸುಬ್ಬಣ್ಣ ಅಂತ ಬರೀರಿ."

ಗಿರಿಜಾಂಬಾರ ಪೆನ್ನು ನಿಂತಿತು. "ಪಾಪಮ್ಮಕ್ಕಾ, ಅವ್ರು ನಿಮ್ ಯಜಮಾನ್ರು..."

"ಗೊತ್ತು ಕಣಮ್ಮ. ಆ ಇಬ್ರು ಕೊಂದು ಸುಳ್ಳು ಹೇಳಿದ್ರು. ಇವ್ರು ನನ್ ಕೈಯಡುಗೆ ಉಣ್ತಾ ಎರಡು ವರ್ಷ ಅದೇ ಸುಳ್ಳು ಹೇಳಿದ್ರು. ಗೌಡ್ರ ಮಗಳ ಮದ್ವೆಗೆ ನನ್ನ ಕರ್ಕೊಂಡು ಹೋದ್ರು. ನಾನು ಅಕ್ಷತೆ ಹಾಕಿ, ನೂರು ಕಾಲ ಬಾಳು ಅಂತ ಹರಸಿ ಬಂದೆ. ಪಕ್ದಲ್ಲೇ ನಿಂತಿದ್ರು, ಒಂದ್ಮಾತು ಹೇಳ್ಲಿಲ್ಲ. ಸೇಡು ಅವರೊಬ್ರದ್ದೇನ? ಹೆತ್ತಿದ್ದು ನಾನಲ್ವಾ?"

ಅವರು ಅಳಲಿಲ್ಲ. ಓಂಕಾರಮೂರ್ತಿ ಆ ಸಾವಿನ ಹೊತ್ತಿಗೆ ಜಾರಿಯಲ್ಲಿದ್ದ ಹಳೆಯ ದಂಡ ಸಂಹಿತೆಯ ಕಲಂಗಳನ್ನು ಗಿರಿಜಾಂಬಾರಿಗೆ ಹೇಳಿದರು. ಗುಂಡು ಹಾರಿಸಿ ಸಾವಿಗೆ ಕಾರಣನಾದದ್ದಕ್ಕೆ ಜಯಪ್ರಕಾಶ್, ಸಾಕ್ಷ್ಯ ಮುಚ್ಚಿದ್ದಕ್ಕೆ ದಯಾನಂದ ಮತ್ತು ಸುಬ್ಬಣ್ಣ. ದಯಾನಂದರ ಬಿಡುಗಡೆಯ ಕಾಗದದ ಹಿಂದೆಯೇ ಅವರನ್ನು ಮತ್ತೆ ಬಂಧಿಸುವ ಕಾಗದವೂ ಹೋಗುವುದಿತ್ತು. ಪಾಪಮ್ಮ ಓದಿಸಿ ಕೇಳಿ ಸಹಿ ಹಾಕಿದರು. ಗೌಡರನ್ನು ಕರೆತರಲು ಜೀಪು ಹೊರಟಿತು.

ಬಾಗಿಲ ಬಳಿ ಪಾಪಮ್ಮ ತಿರುಗಿ ನಿಂತರು.

"ಇದನ್ನ ನಮ್ ಮನೆಯವ್ರಿಗೆ ಹೇಳ್ತೀರಾ ಸಾರ್?"

"ಹೇಳ್ಲೇಬೇಕಾಗುತ್ತೆ ಅಮ್ಮ."

"ಹೇಳಿ. ಆ ಇಬ್ರಿಗಿಂತ ಮುಂಚೆ ಅವ್ರಿಗೇ ಹೇಳಿ."